ಅಮ್ಮನಿಗೆ ಎಂ.ಎಸ್. ಇದ್ದರೆ ಮಕ್ಕಳಿಗೂ ಬರುತ್ತಾ?

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್.) ಎಂದು ಡಾಕ್ಟರು ಹೇಳಿದ ಮೇಲೆ ಎಷ್ಟೋ ಜನ ಕೇಳುವ ಪ್ರಶ್ನೆ ಇದು. ನಮ್ಮ ಮೈಯ ರಕ್ಷಣೆಗಿರುವ ಕಣಗಳೇ ತಿರುಗಿಬಿದ್ದು, ಮಿದುಳು ಮತ್ತು ಬೆನ್ನುಹುರಿಯ ನರಗಳ ಮೇಲಿನ ಮಯಲಿನ್ ಹೊದಿಕೆಯನ್ನು ಹಾಳು ಮಾಡುವ ಕಾಯಿಲೆ. ಒಂದು ಕಣ್ಣು ಮಂಜಾಗಬಹುದು, ಕಾಲಿನ ಬಲ ಹೋಗಬಹುದು, ಸ್ವಲ್ಪ ದಿನಕ್ಕೆ ಸರಿಯಾಗಿ ಮತ್ತೆ ಬರಬಹುದು.

ನೇರ ಉತ್ತರ: ಬರಬಹುದು, ಆದರೆ ಸಾಧ್ಯತೆ ಕಡಿಮೆ. ಪಾಶ್ಚಾತ್ಯ ದೇಶಗಳ ಲೆಕ್ಕದಲ್ಲಿ ಅಪ್ಪ ಅಥವಾ ಅಮ್ಮನಿಗಿದ್ದರೆ ಮಕ್ಕಳಲ್ಲಿ ನೂರಕ್ಕೆ ಸುಮಾರು ಇಬ್ಬರಿಗೆ, ಅಣ್ಣ-ತಮ್ಮ, ಅಕ್ಕ-ತಂಗಿಯರಲ್ಲಿ ಸುಮಾರು ಮೂವರಿಗೆ. ಇದನ್ನೇ 'ಹತ್ತು ಪಟ್ಟು ಜಾಸ್ತಿ ಅಪಾಯ' ಎಂದು ಬರೆದರೆ ಎದೆ ಧಸಕ್ಕೆನ್ನುತ್ತದೆ. ಎರಡೂ ನಿಜವೇ. ಆದರೆ ಮನೆಯವರ ಮುಂದೆ ಮೊದಲು ಹೇಳಬೇಕಾದ್ದು, ನೂರರಲ್ಲಿ 97-98 ಜನಕ್ಕೆ ಬರುವುದಿಲ್ಲ ಅನ್ನುವುದನ್ನು.

ಒಂದೇ ಮನೆಯಲ್ಲಿ ಉಂಡು, ಒಂದೇ ನೆಗಡಿ-ಜ್ವರ ಹಂಚಿಕೊಂಡು ಬೆಳೆದವರು, ಅದಕ್ಕೇ ಬಂದಿರಬಹುದಲ್ವಾ? ಕೆನಡಾದಲ್ಲಿ ನರರೋಗ ತಜ್ಞ ಜಾರ್ಜ್ ಎಬರ್ಸ್ ಮತ್ತು ಜೊತೆಗಾರರು ಇದನ್ನು ಜಾಣತನದಿಂದ ಪರೀಕ್ಷಿಸಿದರು. ದತ್ತು ಸಂಬಂಧವಿದ್ದ ಕುಟುಂಬಗಳನ್ನು ಹುಡುಕಿದರು. ಮಗುವಾಗಿದ್ದಾಗಿನಿಂದ ಒಟ್ಟಿಗೇ ಬೆಳೆದರೂ ರಕ್ತಸಂಬಂಧ ಇಲ್ಲದವರಲ್ಲಿ ಅಪಾಯ ಊರಿನ ಉಳಿದ ಜನರಷ್ಟೇ ಇತ್ತು. 1995ರಲ್ಲಿ ಇದು ಪ್ರಕಟವಾಯಿತು. ಅಂದರೆ ಒಂದೇ ಕುಟುಂಬದಲ್ಲಿ ಮತ್ತೆ ಕಾಣಿಸಿಕೊಳ್ಳುವುದಕ್ಕೆ ಕಾರಣ ಸೂರಲ್ಲ, ಜೀನು.

ಹಾಗಂತ ಎಲ್ಲ ಜೀನಿನ ತಲೆಗೆ ಕಟ್ಟುವ ಹಾಗೂ ಇಲ್ಲ. ತದ್ರೂಪಿ ಅವಳಿಗಳ ಜೀನುಗಳು ಹೆಚ್ಚುಕಡಿಮೆ ಒಂದೇ. ಆದರೂ ಒಬ್ಬರಿಗೆ ಎಂ.ಎಸ್. ಬಂದಾಗ ಇನ್ನೊಬ್ಬರಿಗೂ ಬರುವುದು ಕೆನಡಾದ ಲೆಕ್ಕದಲ್ಲಿ ಕಾಲು ಭಾಗದಷ್ಟು ಜೋಡಿಗಳಲ್ಲಿ ಮಾತ್ರ. ಜೀನು ಅಂದರೂ ಒಂದೆರಡಲ್ಲ. 2019ರ ದೊಡ್ಡ ಅಧ್ಯಯನ ಅಪಾಯಕ್ಕೆ ಸಂಬಂಧಿಸಿದ 233 ಜೀನು ವ್ಯತ್ಯಾಸಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಜೋರಾದದ್ದು ಎಚ್‌ಎಲ್‌ಎ-ಡಿಆರ್‌ಬಿ1*15:01 ಅನ್ನುವ, ಮೈಯ ರಕ್ಷಣೆಗೆ ಸಂಬಂಧಿಸಿದ ಒಂದು ಜೀನಿನ ರೂಪ; ಅಪಾಯವನ್ನು ಸುಮಾರು ಮೂರು ಪಟ್ಟು ಏರಿಸುತ್ತದೆ. ಅದನ್ನು ಹೊತ್ತವರಲ್ಲೂ ಬಹುಪಾಲು ಜನ ಜೀವನಪೂರ್ತಿ ಆರಾಮಾಗಿರುತ್ತಾರೆ. ಹಾಗಾಗಿ ಮಕ್ಕಳಿಗೆ ಸುಮ್ನೆ ಜೀನ್ ಟೆಸ್ಟ್ ಮಾಡಿಸಿದರೆ ದುಡ್ಡು ದಂಡ, ಜೊತೆಗೆ ನಿದ್ದೆಗೇಡು.

ಉಳಿದ ಪಾಲು ಹೊರಗಿನದು. ಅಮೆರಿಕದ ಒಂದು ಕೋಟಿ ಸೈನಿಕರ ದಾಖಲೆ ನೋಡಿ ಸಂಶೋಧಕರು 2022ರಲ್ಲಿ ಹೇಳಿದ್ದೇನೆಂದರೆ, ಎಪ್‌ಸ್ಟೀನ್-ಬಾರ್ ವೈರಸ್ ತಗುಲಿದ ಮೇಲೆ ಎಂ.ಎಸ್. ಅಪಾಯ 32 ಪಟ್ಟು ಏರುತ್ತದೆ. ತಮಾಷೆ ಏನು ಗೊತ್ತಾ, ದೊಡ್ಡವರಾಗುವಷ್ಟರಲ್ಲಿ ಈ ವೈರಸ್ ಹೆಚ್ಚುಕಡಿಮೆ ಎಲ್ಲರಿಗೂ ತಗುಲಿರುತ್ತದೆ! ಅದರಿಂದ ತಪ್ಪಿಸಿಕೊಳ್ಳಲು ಸದ್ಯಕ್ಕೆ ಲಸಿಕೆಯಿಲ್ಲ. ಸಿಗರೇಟು ಹಾಗಲ್ಲ. ಅದೂ ಅಪಾಯ ಹೆಚ್ಚಿಸುತ್ತದೆ, ಬಿಡುವುದು ನಮ್ಮ ಕೈಯಲ್ಲೇ ಇದೆ.

ಇನ್ನೊಂದು ಮಾತು. ಮೇಲಿನ ನೂರಕ್ಕೆ ಎರಡು, ಮೂರು ಎಲ್ಲ ಈ ಕಾಯಿಲೆ ಜಾಸ್ತಿ ಇರುವ ಕಡೆಯ ಲೆಕ್ಕ. ಕೆನಡಾದಲ್ಲಿ ಲಕ್ಷಕ್ಕೆ 200ಕ್ಕೂ ಹೆಚ್ಚು ಜನರಿಗೆ ಎಂ.ಎಸ್. ಇದೆ. ಮಂಗಳೂರಿನಲ್ಲಿ ಎಣಿಸಿದಾಗ ಸಿಕ್ಕಿದ್ದು ಲಕ್ಷಕ್ಕೆ ಸುಮಾರು 8. ಅಲ್ಲಿನ ಶೇಕಡಾವಾರನ್ನು ಹಾಗೇ ಎತ್ತಿ ಇಲ್ಲಿನ ಮಗಳಿಗೋ ತಮ್ಮನಿಗೋ ಅಂಟಿಸಲು ಬರುವುದಿಲ್ಲ.