ಹಳೆಯ ಎಂಜಿಬಿ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಏನನ್ನು?

ಪ್ರಶ್ನೆ: ಕೆಲವು ವರ್ಷಗಳಿಂದ ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿದ್ದೇನೆ. ಮೇಲ್ಛಾವಣಿ ಮಡಚುವ, ಎಂಜಿ ಕಂಪನಿಯ ಹಳೆಯ ಎಂಜಿಬಿ ಸ್ಪೋರ್ಟ್ಸ್ ಕಾರೊಂದನ್ನು ಕೊಳ್ಳುವ ಆಸೆಯಿದೆ. ಜಾಹೀರಾತಿನ ಚಿತ್ರಗಳಲ್ಲಿ ಎಲ್ಲ ಕಾರುಗಳೂ ಹೊಳೆಯುತ್ತವೆ, ಬೆಲೆಯಲ್ಲಿ ಮಾತ್ರ ಅಜಗಜಾಂತರ. ಮೆಕ್ಯಾನಿಕ್ ಅಲ್ಲದ ನಾನು ಒಳ್ಳೆಯ ಕಾರನ್ನು ಗುರುತಿಸುವುದು ಹೇಗೆ?

ಉತ್ತರ: ಎಂಜಿನ್ನಿನ ಚಿಂತೆಯನ್ನು ಸದ್ಯಕ್ಕೆ ಬದಿಗಿಟ್ಟು, ಮೊಣಕಾಲೂರಿ ಕುಳಿತು ಬಾಗಿಲಿನ ಕೆಳಭಾಗವನ್ನು ನೋಡಿ. ಎಂಜಿಬಿ ಕೊಳ್ಳುವವರು ನಿಜವಾಗಿ ಕೊಳ್ಳುವುದು ಅದರ ಬಾಡಿಯನ್ನು. ಉಳಿದ ಬಹುಪಾಲು ಭಾಗಗಳು ಇಂದಿಗೂ ಅಂಗಡಿಯಲ್ಲಿ ಹೊಸದಾಗಿ ಸಿಗುತ್ತವೆ. 1962ರಿಂದ 1980ರವರೆಗೆ ಆಬಿಂಗ್ಡನ್ ಕಾರ್ಖಾನೆಯಲ್ಲಿ ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಈ ಕಾರಿನ 1798 ಸಿಸಿ ಎಂಜಿನ್ನು ನಮ್ಮ ಅಂಬಾಸಡರ್ ಕಾರಿನ 1489 ಸಿಸಿ ಎಂಜಿನ್ನಿನ ವಂಶಕ್ಕೇ ಸೇರಿದ್ದು. ಊರಿನ ಹಳೆಯ ಗ್ಯಾರೇಜುಗಳನ್ನು ಕಂಡವರಿಗೆ ಅದರ ಸರಳತೆಯನ್ನು ಬೇರೆ ಹೇಳಬೇಕಾಗಿಲ್ಲ. ಅದನ್ನು ಬಿಚ್ಚಿ ಸರಿಪಡಿಸುವ ಖರ್ಚನ್ನು ಮೊದಲೇ ಅಂದಾಜು ಮಾಡಬಹುದು. ತುಕ್ಕು ತಿಂದ ಬಾಡಿಯ ಖರ್ಚು ಹಾಗಲ್ಲ, ಒಂದು ತಗಡನ್ನು ಕತ್ತರಿಸಿದರೆ ಅದರ ಹಿಂದೆ ಇನ್ನೊಂದು ಕೊಳೆತ ತಗಡು ಕಾಣಿಸುತ್ತದೆ.

ಇದಕ್ಕೆ ಕಾರಣ ಕಾರಿನ ರಚನೆಯಲ್ಲಿದೆ. ಜೀಪಿಗಿರುವಂತೆ ಇದಕ್ಕೆ ಪ್ರತ್ಯೇಕ ಛಾಸಿ, ಅಂದರೆ ಬಾಡಿಯ ಕೆಳಗಿನ ಚೌಕಟ್ಟು ಇಲ್ಲ. ಬಾಡಿಯೇ ಎಲ್ಲ ಭಾರವನ್ನು ಹೊರುತ್ತದೆ. ತೆರೆದ ಕಾರಿಗೆ ಮೇಲ್ಛಾವಣಿಯ ಆಸರೆಯೂ ಇಲ್ಲದಿರುವುದರಿಂದ, ಮುಂಭಾಗವನ್ನೂ ಹಿಂಭಾಗವನ್ನೂ ಬಗ್ಗದಂತೆ ಹಿಡಿದಿಡುವ ಹೊಣೆ ಬಾಗಿಲುಗಳ ಕೆಳಗೆ ಉದ್ದಕ್ಕೂ ಹಾಯುವ ಸಿಲ್‌ಗಳ ಮೇಲೆ ಬೀಳುತ್ತದೆ. ಈ ಸಿಲ್ ಹೊರಗೆ ಕಾಣುವ ಒಂದೇ ತಗಡಲ್ಲ. ಒಳಗೊಂದು, ಹೊರಗೊಂದು, ನಡುವೆ ಮತ್ತೊಂದು ತಗಡನ್ನು ಸೇರಿಸಿ ಮಾಡಿದ ಪೆಟ್ಟಿಗೆ ಅದು. ಅದರ ಎರಡೂ ತುದಿಗಳು ಮಡ್‌ಗಾರ್ಡ್‌ಗಳ ಮರೆಯಲ್ಲಿ ಅಡಗಿರುತ್ತವೆ. ಆದ್ದರಿಂದ ಸರಿಯಾದ ದುರಸ್ತಿಗೆ ಮುಂದಿನ ಮಡ್‌ಗಾರ್ಡ್ ಬಿಚ್ಚಬೇಕು, ಹಿಂದಿನದರ ಕೆಳಭಾಗವನ್ನು ಕತ್ತರಿಸಬೇಕು. ಈ ಶ್ರಮ ಬೇಡವೆಂದು ಕೊಳೆತ ಸಿಲ್ ಮೇಲೆಯೇ ಹೊಸ ತಗಡಿನ ಹೊದಿಕೆ ಬೆಸೆದು ಬಣ್ಣ ಹೊಡೆದ ಕಾರುಗಳು ಬೇಕಾದಷ್ಟಿವೆ. ಜಾಹೀರಾತಿನಲ್ಲಿ ಅವೂ ಹೊಳೆಯುತ್ತವೆ.

ಇದನ್ನು ಪತ್ತೆಹಚ್ಚಲು ಪರಿಣತಿ ಬೇಡ, ತಾಳ್ಮೆ ಸಾಕು. ಮುಚ್ಚಿದ ಬಾಗಿಲಿನ ಹಿಂಬದಿಯ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಅಳತೆಯಲ್ಲಿರಬೇಕು. ಅದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಕಾರು ನಡುವಿನಲ್ಲಿ ಬಗ್ಗಿದೆ ಎಂದೇ ಅನುಮಾನಿಸಬೇಕು. ಬಳಿಕ ಮಾಲೀಕರ ಅನುಮತಿ ಪಡೆದು ಸಿಲ್ ಕೆಳಗಿನ ಜಾಕ್ ಜಾಗದಲ್ಲಿ ನಿಧಾನವಾಗಿ ಎತ್ತಿಸಿ. ಎತ್ತುತ್ತಿರುವಂತೆ ಆ ಸಂದು ಬದಲಾದರೆ, ಬಾಗಿಲು ಬಿಗಿದುಕೊಂಡರೆ, ಅಥವಾ ಜಾಕ್ ಇಟ್ಟ ಜಾಗವೇ ಕರಕರ ಎಂದರೆ, ಬೆಲೆಯ ಮಾತಿಗೆ ಹೋಗದೆ ಹಿಂದಿರುಗುವುದೇ ಲೇಸು. ತೆಳುವಾದ ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಮಡ್‌ಗಾರ್ಡಿನ ಕೆಳಭಾಗದುದ್ದಕ್ಕೂ ಸರಿಸಿದರೆ ಎಲ್ಲಿ ತಗಡಿದೆ, ಎಲ್ಲಿ ಬರೀ ಪುಟ್ಟಿಯಿದೆ ಎಂಬುದು ಗೊತ್ತಾಗುತ್ತದೆ. ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಬಾಡಿಗೆ ಸೇರುವ ಜಾಗವನ್ನೂ ಟಾರ್ಚ್ ಹಿಡಿದು ನೋಡಿ.

ಯಂತ್ರಭಾಗದಲ್ಲಿ ನಾನು ಒತ್ತಿ ಹೇಳುವುದು ಮುಂದಿನ ಚಕ್ರ ಎಡಬಲಕ್ಕೆ ಹೊರಳಲು ಆಧಾರವಾದ ಕಿಂಗ್‌ಪಿನ್ ಬಗ್ಗೆ. ನಿಯಮಿತವಾಗಿ ಗ್ರೀಸ್ ಕಾಣದ ಕಿಂಗ್‌ಪಿನ್ ಸವೆಯುತ್ತದೆ. ಮುಂದಿನ ಚಕ್ರವನ್ನು ಎತ್ತಿಸಿ, ಮೇಲೂ ಕೆಳಗೂ ಹಿಡಿದು ಅಲುಗಿಸಿ. ಆಟವಿದ್ದರೆ, ಅಂದರೆ ಸಡಿಲವಾಗಿ ಅಲುಗಿದರೆ, ಒಬ್ಬರು ಬ್ರೇಕ್ ತುಳಿದಿರುವಾಗ ಮತ್ತೆ ಅಲುಗಿಸಿ. ಆಗಲೂ ಆಟ ಉಳಿದರೆ ಕಿಂಗ್‌ಪಿನ್ ಮೇಲೆ ಸಂಶಯ, ನಿಂತರೆ ಅದು ಬೇರಿಂಗಿನದು. ಕಡ್ಡಿಚಕ್ರಗಳಿದ್ದರೆ ಅವು ಕೂರುವ ಹಲ್ಲುಗಳು ಸವೆದಿವೆಯೇ ನೋಡಬೇಕು. ಓವರ್‌ಡ್ರೈವ್ (ವೇಗದಲ್ಲಿ ಎಂಜಿನ್ನಿನ ಸುತ್ತು ತಗ್ಗಿಸುವ ಹೆಚ್ಚುವರಿ ಗೇರ್) ಇದೆ ಎಂದು ಹೇಳಿದ್ದರೆ ರಸ್ತೆಯಲ್ಲೇ ಹಾಕಿ ತೋರಿಸಲಿ. ನೆಲಕ್ಕೆ ಬಿದ್ದ ಒಂದೆರಡು ಹನಿ ಎಣ್ಣೆಗೆ ಹೆದರಬೇಕಾಗಿಲ್ಲ.

ಬೆಲೆಯ ಅಂತರಕ್ಕೆ ಬಾಡಿಯ ಸ್ಥಿತಿಯ ಜೊತೆಗೆ ಕಾರಿನ ಕಾಲವೂ ಕಾರಣ. 1974ರ ಕೊನೆಯ ಭಾಗದಿಂದ ಅಮೆರಿಕದ ಸುರಕ್ಷತಾ ನಿಯಮಗಳಿಗಾಗಿ ಕ್ರೋಮ್ ಬಂಪರ್ ಬದಲಿಗೆ ಕಪ್ಪು ಬಂಪರ್ ಬಂತು, ಕಾರನ್ನು ಸುಮಾರು ಒಂದೂವರೆ ಇಂಚು ಎತ್ತರಿಸಲಾಯಿತು. ತಿರುವುಗಳಲ್ಲಿ ಕಾರು ಹೆಚ್ಚು ವಾಲತೊಡಗಿತು. ಹಾಗಾಗಿ ಕ್ರೋಮ್ ಬಂಪರಿನವಕ್ಕೆ ಬೇಡಿಕೆ ಹೆಚ್ಚು. ಆದರೆ ನನ್ನನ್ನು ಕೇಳಿದರೆ, ಪುಟ್ಟಿ ತುಂಬಿದ ಕ್ರೋಮ್ ಕಾರಿಗಿಂತ ಗಟ್ಟಿ ಸಿಲ್‌ಗಳ ಕಪ್ಪು ಬಂಪರಿನ ಕಾರನ್ನೇ ಆರಿಸಿಕೊಳ್ಳುತ್ತೇನೆ. ಕಾರಿನ ಗುರುತಿನ ಸಂಖ್ಯೆಯಾದ ಛಾಸಿ ಸಂಖ್ಯೆಯ ಆರಂಭದ ಅಕ್ಷರಗಳನ್ನೂ ಓದಿ: ಜಿ ಎಂದರೆ ಎಂಜಿ, ಎಚ್ ಎಂಜಿನ್ನಿನ ಗಾತ್ರ, ಎನ್ ತೆರೆದ ಕಾರು, ಡಿ ಎಂದರೆ ಮೇಲ್ಛಾವಣಿ ಮುಚ್ಚಿದ ಜಿಟಿ ಮಾದರಿ. ಈ ಅಕ್ಷರಗಳ ಮುಂದಿನ ಅಂಕಿಯ ನಂತರ ಯು ಬಂದರೆ ಆ ಕಾರು ಅಮೆರಿಕಕ್ಕೆ ಹೋಗಿ ಬಂದದ್ದು. ಅಲ್ಲಿನ ಒಣ ಪ್ರದೇಶದಲ್ಲಿದ್ದುದಾದರೆ ಬಾಡಿ ಚೆನ್ನಾಗಿರಬಹುದು, ಆದರೆ ಸ್ಟೀರಿಂಗನ್ನು ಬಲಕ್ಕೆ ಬದಲಿಸಿದ ಕೆಲಸ ಹೇಗಿದೆ ಎಂದು ವಿಚಾರಿಸಬೇಕಾಗುತ್ತದೆ. ಕಾರ್ಖಾನೆಯಿಂದ ಹೊರಟಾಗ ಅದರ ಬಣ್ಣ, ಎಂಜಿನ್ ಸಂಖ್ಯೆ ಏನಿತ್ತು ಎಂಬ ಪ್ರಮಾಣಪತ್ರವನ್ನು ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಂ ಶುಲ್ಕ ಪಡೆದು ಕೊಡುತ್ತದೆ.

ಮನೆಯಿಂದ ಹೊರಡುವ ಮೊದಲೇ ಮಾಡಬಹುದಾದ ಕೆಲಸವೂ ಒಂದಿದೆ. ನೋಂದಣಿ ಸಂಖ್ಯೆಯನ್ನು ಕೊಟ್ಟರೆ ಸರ್ಕಾರದ ಜಾಲತಾಣದಲ್ಲಿ ಕಾರಿನ ಎಂಒಟಿ (ರಸ್ತೆಗಿಳಿಯಲು ಯೋಗ್ಯವೇ ಎಂಬ ವಾರ್ಷಿಕ) ತಪಾಸಣೆಯ ಇತಿಹಾಸ ಉಚಿತವಾಗಿ ಸಿಗುತ್ತದೆ. ಯಾವ ವರ್ಷ ಯಾವ ಜಾಗದ ತುಕ್ಕಿಗಾಗಿ ಅನುತ್ತೀರ್ಣವಾಯಿತು ಎಂಬುದನ್ನು ಮಾರುವವರ ಮಾತಿನೊಂದಿಗೆ ಹೋಲಿಸಿ. ವಿ5ಸಿ ಎಂಬ ನೋಂದಣಿ ಪತ್ರದಲ್ಲಿರುವ ವಿಳಾಸದಲ್ಲಿಯೇ ಕಾರನ್ನು ನೋಡಿ, ಆದರೆ ಆ ಪತ್ರ ಮಾಲೀಕತ್ವದ ಪುರಾವೆಯಲ್ಲ ಎಂಬುದನ್ನು ಮರೆಯಬೇಡಿ. ಇನ್ನೊಂದು ತೊಡಕು: 2018ರ ಮೇ ತಿಂಗಳಿನಿಂದ, ದೊಡ್ಡ ಮಾರ್ಪಾಡು ಆಗಿಲ್ಲದಿದ್ದರೆ, 40 ವರ್ಷ ದಾಟಿದ ಕಾರುಗಳಿಗೆ ಎಂಒಟಿ ಕಡ್ಡಾಯವಲ್ಲ. ಹೀಗಾಗಿ ಅನೇಕ ಎಂಜಿಬಿಗಳ ದಾಖಲೆ ಅಲ್ಲಿಗೇ ನಿಂತಿರುತ್ತದೆ. ಕಡ್ಡಾಯವಲ್ಲದಿದ್ದರೂ ತಪಾಸಣೆ ಮಾಡಿಸಬಹುದು. ಶುಲ್ಕವನ್ನು ನೀವೇ ಕೊಡುತ್ತೇನೆಂದು ಹೇಳಿ ಹೊಸ ಎಂಒಟಿ ಕೇಳಿ. ಅದಕ್ಕೂ ಒಪ್ಪದವರ ಕಾರನ್ನು ಬಿಟ್ಟು ಮುಂದಿನದನ್ನು ನೋಡಲು ಹೋಗಿ. ಮಾರಾಟಕ್ಕಿರುವ ಎಂಜಿಬಿಗಳಿಗೆ ನೀವಿರುವ ದೇಶದಲ್ಲಿ ಕೊರತೆಯಿಲ್ಲ.