ಹಾಲ್‌ಸ್ಟಾಟ್ ‘ಫ್ರೋಜನ್’ ಸಿನಿಮಾದ ಊರಾ?

ಪ್ರಶ್ನೆ: ಆಸ್ಟ್ರಿಯಾದ ಹಾಲ್‌ಸ್ಟಾಟ್ ನೋಡಿಕೊಂಡೇ ‘ಫ್ರೋಜನ್’ ಸಿನಿಮಾದ ಅರೆಂಡೆಲ್ ಊರನ್ನು ಮಾಡಿದರಂತೆ, ಹೌದಾ? ಯುರೋಪ್ ಟೂರಿನಲ್ಲಿ ಅದಕ್ಕೊಂದು ದಿನ ಕೊಡಬಹುದಾ?

ದಿನ ಖಂಡಿತ ಕೊಡಿ. ಆದರೆ ಸಿನಿಮಾದ ಮಾತು ಸುಳ್ಳು.

ಇದನ್ನು ಎಷ್ಟು ಸಲ ಹೇಳಿದರೂ ಅದೇ ಪ್ರಶ್ನೆ ತಿರುಗಿ ಬರುತ್ತದೆ. ರೀಲ್ಸ್ ನೋಡಿದರೂ ಅದೇ, ಟೂರ್ ಪ್ಯಾಕೇಜಿನ ಜಾಹೀರಾತು ನೋಡಿದರೂ ಅದೇ. ಈ ಸಲ ಪೂರ್ತಿ ಬಿಡಿಸಿ ಹೇಳಿಬಿಡುತ್ತೇನೆ.

ಈ ಸಿನಿಮಾ ಮಾಡಿದ ಡಿಸ್ನಿಯ ಕಲಾವಿದರು ಊರು, ಕೋಟೆ, ಬೆಟ್ಟ ನೋಡಿ ಬರಲು ಹೋಗಿದ್ದು ನಾರ್ವೆಗೆ. ಬರ್ಗೆನ್ ಬಂದರಿನ ಮರದ ಮನೆಗಳ ಸಾಲು, ಆಸ್ಲೋದ ಆಕೆರ್ಸ್‌ಹುಸ್ ಕೋಟೆ, ಆ ದೇಶದ ಹಳೇ ಮರದ ಚರ್ಚುಗಳು, ಇವೆಲ್ಲ ಸೇರಿ ಅರೆಂಡೆಲ್ ಆಯಿತು. ಅನುಮಾನವಿದ್ದರೆ ಸಿನಿಮಾವನ್ನೇ ಇನ್ನೊಮ್ಮೆ ನೋಡಿ. ಪಟ್ಟಾಭಿಷೇಕಕ್ಕೆ ಪರದೇಶದ ಅತಿಥಿಗಳು ಹಡಗಿನಲ್ಲಿ ಬಂದಿಳಿಯುತ್ತಾರೆ. ಅಲ್ಲಿರುವುದು ಫ್ಯೋರ್ಡ್, ಅಂದರೆ ಬೆಟ್ಟಗಳ ನಡುವೆ ಒಳಗೆ ನುಗ್ಗಿದ ಸಮುದ್ರ. ಹಾಲ್‌ಸ್ಟಾಟ್ ಎದುರಿಗಿರುವುದು ಸಿಹಿನೀರಿನ ಸರೋವರ. ಯಾವ ದೇಶದ ಹಡಗು ಅಲ್ಲಿಗೆ ಬಂದೀತು? ಸಿನಿಮಾದ ಪಾತ್ರವಾದ ಕ್ರಿಸ್ಟಾಫ್‌ನ ಉಡುಪು ನೋಡಿ, ಅವನ ಹಿಮಸಾರಂಗ ನೋಡಿ. ಅದು ಉತ್ತರ ನಾರ್ವೆ ಕಡೆಯ ಮೂಲನಿವಾಸಿಗಳಾದ ಸಾಮಿ ಜನರ ಬದುಕು. ಸಿನಿಮಾದ ಶುರುವಿನಲ್ಲಿ ಕೇಳುವ ಹಾಡು ಕೂಡ ಸಾಮಿಗಳ ಯೋಯ್ಕ್ ಗಾಯನದ ಧಾಟಿಯದು.

ಇನ್ನು ಕೆಲವರು, ‘ಸಿನಿಮಾ ಬಂದ ಮೇಲೆ ತಾನೇ ಊರಿಗೆ ಹೆಸರು ಬಂದಿದ್ದು’ ಎನ್ನುತ್ತಾರೆ. ಇಸವಿ ನೋಡಿದರೆ ಸಾಕು. ಯುನೆಸ್ಕೋ ಈ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು 1997ರಲ್ಲಿ. 2006ರಲ್ಲಿ ಕೊರಿಯಾದ ಒಂದು ಟೀವಿ ಧಾರಾವಾಹಿಯಲ್ಲಿ ಊರು ಕಾಣಿಸಿಕೊಂಡಿತು, ಏಷ್ಯಾದ ಪ್ರವಾಸಿಗರು ಆಗಲೇ ಬರತೊಡಗಿದರು. 2012ರಲ್ಲಿ ಚೀನಾದ ಹುಯಿಝೌನಲ್ಲಿ ಇಡೀ ಊರಿನ ನಕಲನ್ನೇ ಕಟ್ಟಿ ಉದ್ಘಾಟಿಸಿದರು. ‘ಫ್ರೋಜನ್’ ತೆರೆಗೆ ಬಂದಿದ್ದು 2013ರ ಕೊನೆಯಲ್ಲಿ! ನೀರಿನ ಅಂಚು, ಚೂಪು ಗೋಪುರ, ಹಿಂದೆ ಬೆಟ್ಟ ಕಾಣುವ ಒಂದು ಫೋಟೊ ಇದೆಯಲ್ಲ, ಅದೊಂದನ್ನು ನೋಡಿ ಜನ ಕಥೆ ಕಟ್ಟಿದ್ದಾರೆ, ಅಷ್ಟೇ. ಆ ಫೋಟೊ ತೆಗೆಯುವ ಜಾಗದ ಗದ್ದಲ ತಾಳಲಾರದೆ 2023ರಲ್ಲಿ ಅಲ್ಲಿ ಮರದ ಬೇಲಿ ಹಾಕಿದ್ದರು, ಟೀಕೆ ಬಂದ ಮೇಲೆ ತೆಗೆದರು. ಎಂಟುನೂರು ಜನರೂ ಇಲ್ಲದ ಊರಿಗೆ ಸೀಸನ್ನಿನಲ್ಲಿ ದಿನಕ್ಕೆ 10,000 ಮಂದಿ ಬಂದರೆ ಇನ್ನೇನಾಗುತ್ತದೆ?

ಬೇಜಾರು ಯಾಕೆಂದರೆ, ಈ ಊರಿಗೆ ಯಾವ ಸಿನಿಮಾದ ಹಂಗೂ ಬೇಕಿಲ್ಲ. ಇಲ್ಲಿನ ಬೆಟ್ಟದ ಉಪ್ಪನ್ನು ಜನ ಸುಮಾರು 7,000 ವರ್ಷಗಳಿಂದ ಬಳಸುತ್ತಿದ್ದಾರೆ. 1846ರಲ್ಲಿ ಗಣಿಯ ಅಧಿಕಾರಿ ಯೋಹಾನ್ ಗೇಯೋರ್ಗ್ ರಾಮ್ಸಾವರ್ ಗಣಿಯ ಹತ್ತಿರದ ಕಣಿವೆಯಲ್ಲಿ ಅಗೆಯಲು ಶುರು ಮಾಡಿದ. ಮುಂದಿನ ವರ್ಷಗಳಲ್ಲಿ ಸಾವಿರದ ಹತ್ತಿರ ಗೋರಿಗಳು ಸಿಕ್ಕವು. ಅವುಗಳಲ್ಲಿ ದಂತದ ಹಿಡಿ ಇರುವ ಕತ್ತಿ ಸಿಕ್ಕಿತು, ಬಾಲ್ಟಿಕ್ ಕಡಲಿನ ಅಂಬರ್ (ಕಲ್ಲಿನಂತೆ ಗಟ್ಟಿಯಾದ ಮರದ ಅಂಟು) ಸಿಕ್ಕಿತು. ಉಪ್ಪು ಮಾರಿ ಅಷ್ಟು ದೂರದ ಸರಕನ್ನು ಕೊಳ್ಳುವಷ್ಟು ಸಿರಿವಂತರಿದ್ದರು. ಯುರೋಪಿನ ಕಬ್ಬಿಣಯುಗದ ಮೊದಲ ಘಟ್ಟಕ್ಕೆ ಇತಿಹಾಸಕಾರರು ಈ ಊರಿನ ಹೆಸರನ್ನೇ ಇಟ್ಟಿದ್ದಾರೆ.

ಉಪ್ಪಿನಲ್ಲಿ ಹೂತದ್ದು ಕೊಳೆಯುವುದಿಲ್ಲ. 2003ರಲ್ಲಿ ಗಣಿಯೊಳಗೆ ಸಿಕ್ಕ ಮರದ ಮೆಟ್ಟಿಲು ಮೂರು ಸಾವಿರ ವರ್ಷಕ್ಕಿಂತ ಹಳೆಯದು. ಗಣಿಗಾರರ ಮಲ ಕೂಡ ಉಳಿದಿದೆ! ಸುಮಾರು 2,700 ವರ್ಷ ಹಳೆಯ ಒಂದು ಮಾದರಿಯನ್ನು ಪರೀಕ್ಷಿಸಿ, ಅವರು ಬಿಯರ್ ಕುಡಿದು ನೀಲಿ ಬೂಸ್ಟಿನ ಚೀಸ್ ತಿನ್ನುತ್ತಿದ್ದರೆಂದು 2021ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು.

ಹೋಗುವವರಿಗೆ ಎರಡು ಮಾತು. ರೈಲ್ವೆ ಸ್ಟೇಷನ್ ಸರೋವರದ ಆಚೆ ದಡದಲ್ಲಿದೆ, ಇಳಿದು ದೋಣಿ ಹತ್ತಬೇಕು. ಗಣಿ ಎಲ್ಲ ಕಾಲದಲ್ಲೂ ತೆರೆದಿರುವುದಿಲ್ಲ, ಮೊದಲೇ ವಿಚಾರಿಸಿಕೊಳ್ಳಿ. ಆಗುವುದಾದರೆ ರಾತ್ರಿ ಅಲ್ಲೇ ಉಳಿಯಿರಿ, ಜನಜಂಗುಳಿ ಸಂಜೆಗೆ ಕರಗುತ್ತದೆ. ಗೋರಿಗಳಲ್ಲಿ ಸಿಕ್ಕ ಎಷ್ಟೋ ವಸ್ತುಗಳು ವಿಯೆನ್ನಾದ ನಿಸರ್ಗ ಚರಿತ್ರೆಯ ಮ್ಯೂಸಿಯಮ್ಮಿನಲ್ಲಿವೆ, ಅದನ್ನೂ ಸೇರಿಸಿಕೊಳ್ಳಿ.

ಇಷ್ಟು ಜನ ಬರೆಯುತ್ತಾರೆ, ಬುರುಡೆಗಳ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಬೆಟ್ಟದ ಮಗ್ಗುಲಿನ ಕ್ಯಾಥೊಲಿಕ್ ಚರ್ಚಿನ ಪಕ್ಕದ ಪುಟ್ಟ ಗುಡಿಯಲ್ಲಿ ಸುಮಾರು 1,200 ತಲೆಬುರುಡೆಗಳಿವೆ. ಅರ್ಧದಷ್ಟರ ಮೇಲೆ ಬಣ್ಣದಲ್ಲಿ ಹೆಸರು, ಎಲೆ, ಹೂವು ಬರೆದಿದ್ದಾರೆ. ಹೆದರಿಸಲು ಇಟ್ಟಿದ್ದಲ್ಲ ಅದು. ಬೆಟ್ಟ, ಸರೋವರದ ನಡುವೆ ಸಿಕ್ಕ ಊರಿನಲ್ಲಿ ಸ್ಮಶಾನಕ್ಕೆ ಜಾಗವೇ ಸಾಲದು. ಹಾಗಾಗಿ ಕೆಲ ವರ್ಷ ಕಳೆದ ಮೇಲೆ ಗೋರಿ ತೆರೆದು ಎಲುಬು ಹೊರತೆಗೆದು, ಬುರುಡೆಯನ್ನು ಬಿಸಿಲಿಗೆ ಒಣಗಿಸಿ, ಅಲಂಕರಿಸಿ ಒಳಗಿಡುತ್ತಿದ್ದರು. ಒಂದು ಮನೆತನದವರ ಬುರುಡೆಗಳೆಲ್ಲ ಒಟ್ಟಿಗಿರುತ್ತವೆ. ಕ್ಯಾಥೊಲಿಕ್ ಚರ್ಚು 1963ರಲ್ಲಿ ದಹನಕ್ಕೆ ಒಪ್ಪಿದ ಮೇಲೆ ಇದರ ಅಗತ್ಯ ಕಡಿಮೆಯಾಯಿತು. ಕೊನೆಯ ಬುರುಡೆ ಸೇರಿದ್ದು 1995ರಲ್ಲಿ. ಅದು ಊರಿನ ಹೆಣ್ಣುಮಗಳೊಬ್ಬಳದು, ತನ್ನನ್ನೂ ಅಲ್ಲೇ ಇಡಬೇಕೆಂದು ಆಕೆಯೇ ಕೇಳಿಕೊಂಡಿದ್ದಳು.