ಕೊಹಾರ್ಟ್ ಅಂದ್ರೆ ಬರೀ ಗುಂಪಲ್ಲ

ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಮೊನ್ನೆ 'ಸೀನಿಯರ್ ಯೋಗ ಕೊಹಾರ್ಟ್' ಶುರುವಾಯಿತು. ಆನ್‌ಲೈನ್ ಕೋರ್ಸಿನವರು ಬ್ಯಾಚು ಅನ್ನೋ ಪದವನ್ನು ಕೈಬಿಟ್ಟು ಬಹಳ ದಿನ ಆಯ್ತು. ಅವರ ಪಾಲಿಗೆ ದುಡ್ಡು ಕಟ್ಟಿದವರೆಲ್ಲ ಕೊಹಾರ್ಟ್. ಇದನ್ನೆಲ್ಲ ಹೇಗೋ ಸಹಿಸಿಕೊಂಡೆ. ಆದರೆ ಹೋದ ವಾರ ಒಂದು ಸುದ್ದಿಯಲ್ಲಿ 'ಒಂದೇ ದಿನದಲ್ಲಿ ವೃದ್ಧರ ಕೊಹಾರ್ಟ್ ಸಮೀಕ್ಷೆ ಮುಗಿಯಿತು' ಅಂತ ಓದಿದ ಮೇಲೆ ತಡೆಯಲಿಲ್ಲ. ಒಂದೇ ದಿನದಲ್ಲಿ ಮುಗಿದರೆ ಅದು ಕೊಹಾರ್ಟ್ ಅಧ್ಯಯನವೇ ಅಲ್ಲ.

ಮುಪ್ಪನ್ನು ಅಧ್ಯಯನ ಮಾಡುವವರ ಬಾಯಲ್ಲಿ ಕೊಹಾರ್ಟ್ ಅಧ್ಯಯನಕ್ಕೆ ಎರಡು ಷರತ್ತುಗಳಿವೆ. ಒಂದು, ಆ ಗುಂಪಿನವರೆಲ್ಲ ಒಂದೇ ಗೆರೆಯಿಂದ ಹೊರಟಿರಬೇಕು: ಒಂದೇ ಕಾಲದಲ್ಲಿ ಹುಟ್ಟಿದವರು, ಅಥವಾ ಒಂದೇ ಸಮಯಕ್ಕೆ ಅಧ್ಯಯನಕ್ಕೆ ಹೆಸರು ಕೊಟ್ಟವರು. ಎರಡು, ಆಮೇಲೆ ಅವರನ್ನೇ, ಅದೇ ಜನರನ್ನೇ, ವರ್ಷಗಟ್ಟಲೆ ಮತ್ತೆ ಮತ್ತೆ ಹೋಗಿ ನೋಡಬೇಕು. ನಮ್ಮ ಸುದ್ದಿಗಳಲ್ಲಿ ಬಿಟ್ಟುಹೋಗುವುದು ಈ ಎರಡನೆಯದು.

ಪದದ ಮೂಲ ಸ್ವಾರಸ್ಯವಾಗಿದೆ. ಲ್ಯಾಟಿನ್ ಭಾಷೆಯ 'ಕೊಹಾರ್ಸ್' ಅಂದರೆ ಸುತ್ತ ಬೇಲಿ ಹಾಕಿದ ಜಾಗ, ದನ ಕೋಳಿ ಇರುವ ಹಿತ್ತಲು. ಆ ಜಾಗದ ಹೆಸರು ಬರಬರುತ್ತಾ ಅಲ್ಲಿ ಸೇರಿದ ಜನಕ್ಕೆ ಬಂತು. ರೋಮನ್ನರು ಅದನ್ನು ಸೈನ್ಯಕ್ಕೆ ಒಯ್ದರು. ಲೀಜನ್ ಅನ್ನುವ ಅವರ ದೊಡ್ಡ ಪಡೆಯೊಂದರಲ್ಲಿ ಹತ್ತು ಕೊಹಾರ್ಟುಗಳು. ಅದೇ 'ಹಾರ್ಟ್' ಭಾಗದ ಬಳಗದಲ್ಲಿ 'ಹಾರ್ಟಸ್' ಅಂತ ತೋಟಕ್ಕೊಂದು ಪದ ಇದೆ. ಲಾಲ್‌ಬಾಗ್ ನೋಡಿಕೊಳ್ಳುವ ತೋಟಗಾರಿಕೆ ಇಲಾಖೆಯ ಇಂಗ್ಲಿಷ್ ಬೋರ್ಡಿನಲ್ಲಿರುವ ಹಾರ್ಟಿಕಲ್ಚರ್ ಬಂದಿದ್ದು ಅದರಿಂದ. ಇನ್ನೊಂದು ಕವಲು ಫ್ರೆಂಚ್ ಬಾಯಿಗೆ ಸಿಕ್ಕಿ ಸವೆದು ಸವೆದು 'ಕೋರ್ಟ್' ಆಯಿತು. ಹಾಗಾಗಿ ಜಮೀನಿನ ಕೇಸು ನಡೆಯುವ ಕೋರ್ಟು, ಶಟಲ್ ಆಡುವ ಕೋರ್ಟು, ಮುಪ್ಪಿನ ಅಧ್ಯಯನದ ಕೊಹಾರ್ಟು, ಮೂರೂ ಒಂದೇ ಹಿತ್ತಲಿನವು!

ಕನ್ನಡದಲ್ಲೂ ಒಂದು ಪದ ಹೆಚ್ಚುಕಡಿಮೆ ಇದೇ ದಾರಿ ತುಳಿದಿದೆ. ಮಂಗಳೂರು, ಕುಂದಾಪುರದ ಕಡೆ ಹಟ್ಟಿ ಅಂದರೆ ದನ ಕಟ್ಟುವ ಜಾಗ. ಚಿತ್ರದುರ್ಗ, ತುಮಕೂರಿನ ಕಡೆ ಹಟ್ಟಿ ಅಂದರೆ ಜನ ಇರುವ ಊರು. ಗೊಲ್ಲರಹಟ್ಟಿ ಗೊತ್ತಲ್ವಾ? ಬೇಲಿಯ ಹೆಸರು ಬೇಲಿಯೊಳಗಿನವರಿಗೆ ಬಂದದ್ದು ರೋಮಿನಲ್ಲಿ ಮಾತ್ರ ಅಲ್ಲ. ಹಾಗಂತ ಕೊಹಾರ್ಟಿಗೆ ಹಟ್ಟಿ ಅನ್ನಿ ಅಂತ ನಾನು ಹೇಳುತ್ತಿಲ್ಲ. ಅದಕ್ಕಿಂತ ಒಳ್ಳೆಯ ಪದ ಮನೆಯಲ್ಲೇ ಇದೆ: ಓರಗೆ. 'ಅವನು ನಮ್ಮ ಓರಗೆಯವನು' ಅಂತೀವಿ, ಕೆಲವು ಕಡೆ ಅದೇ 'ವಾರಗೆ' ಆಗಿದೆ. ಒಂದೇ ಕಾಲಕ್ಕೆ ಹುಟ್ಟಿ, ಒಂದೇ ಕಾಲವನ್ನು ಉಂಡವರು. ಹುಟ್ಟಿನ ಕೊಹಾರ್ಟಿಗೆ ಇದಕ್ಕಿಂತ ಸರಿಯಾದ ಕನ್ನಡ ನನಗೆ ಸಿಕ್ಕಿಲ್ಲ. 'ಸಮೂಹ' ಅಂತ ಬರೆಯುವವರಿಗೆ ಓರಗೆ ಹಳ್ಳಿಮಾತಿನ ಹಾಗೆ ಕೇಳಿಸುತ್ತದೋ ಏನೋ.

ಈಗ ಗೊಂದಲದ ವಿಷಯಕ್ಕೆ ಬರೋಣ. ಒಂದು ಬೆಳಿಗ್ಗೆ ಬೆಂಗಳೂರಿನ ಯಾವುದಾದರೂ ಹಳೆಯ ಬೀದಿಯಲ್ಲಿ ನಿಂತು ನೋಡಿ. ಇಪ್ಪತ್ತರ ಹುಡುಗರೆಲ್ಲ ಜೀನ್ಸ್‌ನಲ್ಲಿ, ಎಪ್ಪತ್ತು ದಾಟಿದವರಲ್ಲಿ ಸುಮಾರು ಜನ ಪಂಚೆಯಲ್ಲಿ. ಇದನ್ನು ನೋಡಿ 'ವಯಸ್ಸಾಗ್ತಾ ಹೋದ ಹಾಗೆ ಮನುಷ್ಯ ಜೀನ್ಸ್ ಬಿಟ್ಟು ಪಂಚೆ ಉಡುತ್ತಾನೆ' ಅಂತ ಯಾರಾದರೂ ಬರೆದರೆ ನಗುತ್ತೀರಿ. ಆ ತಾತ ಇಪ್ಪತ್ತರಲ್ಲೂ ಪಂಚೆಯನ್ನೇ ಉಡುತ್ತಿದ್ದರು. ಅದು ವಯಸ್ಸಿನ ಕೆಲಸ ಅಲ್ಲ, ಓರಗೆಯ ಕೆಲಸ. ಈಗ ಪಂಚೆಯ ಜಾಗದಲ್ಲಿ ನೆನಪಿನ ಶಕ್ತಿ ಇಡಿ. ಯಾರೂ ನಗುವುದಿಲ್ಲ. ಅದೇ ತಪ್ಪು ದಪ್ಪ ಅಕ್ಷರದಲ್ಲಿ ಸುದ್ದಿಯಾಗುತ್ತದೆ.

ದೊಡ್ಡ ದೊಡ್ಡವರೂ ಹೀಗೆ ಎಡವಿದ್ದಾರೆ. ಬೇರೆ ಬೇರೆ ವಯಸ್ಸಿನವರಿಗೆ ಒಂದೇ ಸಲ ಬುದ್ಧಿ ಪರೀಕ್ಷೆ ಕೊಟ್ಟು, ಯೌವನ ದಾಟುತ್ತಿದ್ದ ಹಾಗೇ ಬುದ್ಧಿ ಇಳಿಯುತ್ತದೆ ಅಂತ ನಂಬಿದ ಕಾಲ ಒಂದಿತ್ತು. ವಾರ್ನರ್ ಶೈ ಅನ್ನುವ ಮನಶ್ಶಾಸ್ತ್ರಜ್ಞ 1956ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಒಂದು ಅಧ್ಯಯನ ಶುರುಮಾಡಿ, ಏಳು ವರ್ಷಕ್ಕೊಮ್ಮೆ ಅದೇ ಜನರನ್ನು ಮತ್ತೆ ಪರೀಕ್ಷಿಸುತ್ತಾ ಹೋದರು. ಚಿತ್ರ ಬದಲಾಯಿತು. ಬಹಳ ಜನರಲ್ಲಿ ಅರವತ್ತರ ತನಕ ಹೇಳಿಕೊಳ್ಳುವಂಥ ಇಳಿತ ಇರಲಿಲ್ಲ. ಮೊದಲು ಕಂಡಿದ್ದ ಇಳಿತದಲ್ಲಿ ದೊಡ್ಡ ಪಾಲು ಓರಗೆಗಳ ನಡುವಿನ ವ್ಯತ್ಯಾಸ. ಹಿಂದೆ ಹುಟ್ಟಿದವರಿಗೆ ಓದು ಕಮ್ಮಿ ಸಿಕ್ಕಿದ್ದು ಅದಕ್ಕೊಂದು ಕಾರಣ.

ಹಾಗಾಗಿ ಈ ಕ್ಷೇತ್ರದಲ್ಲಿ ಕೊಹಾರ್ಟುಗಳೇ ಆಸ್ತಿ. ಆದರೆ ಒಂದು ದೇಶದ ಕೊಹಾರ್ಟ್ ನೋಡಿ ಮುಪ್ಪು ಅಂದರೆ ಇದೇ ಅಂತ ಹೇಳೋಕಾಗಲ್ಲ. ಅದಕ್ಕೇ ದೇಶ ದೇಶಗಳ ಅಧ್ಯಯನಗಳು ಒಂದು ಬಳಗ ಕಟ್ಟಿಕೊಂಡಿವೆ. ಈ ಮನೆಯ ಹಿರಿಯಕ್ಕ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ 'ಹೆಲ್ತ್ ಅಂಡ್ ರಿಟೈರ್‌ಮೆಂಟ್ ಸ್ಟಡಿ'. 1992ರಲ್ಲಿ ಶುರುವಾದದ್ದು, ಎರಡು ವರ್ಷಕ್ಕೊಮ್ಮೆ ಅದೇ ಜನರ ಬಾಗಿಲಿಗೆ ಹೋಗುತ್ತದೆ. ಆಮೇಲೆ 2002ರಲ್ಲಿ ಇಂಗ್ಲೆಂಡ್, 2004ರಲ್ಲಿ ಯುರೋಪಿನ ದೇಶಗಳು, 2011ರಲ್ಲಿ ಚೀನಾ. ನಡೆಸುವವರು ಬೇರೆ, ಕಚೇರಿ ಬೇರೆ. ಆದರೆ ಪ್ರಶ್ನೆಗಳನ್ನು ಆದಷ್ಟು ಒಂದೇ ಅಳತೆಗೆ ಹೊಂದಿಸಿಕೊಂಡಿದ್ದಾರೆ. ಇಲ್ಲದಿದ್ದರೆ ಚೀನಾದ ಅಜ್ಜಿಯನ್ನೂ ಇಂಗ್ಲೆಂಡಿನ ಅಜ್ಜಿಯನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಹೇಗೆ?

ನಮ್ಮದು ಲಾಸಿ, ಅಂದರೆ 'ಲಾಂಗಿಟ್ಯೂಡಿನಲ್ ಏಜಿಂಗ್ ಸ್ಟಡಿ ಇನ್ ಇಂಡಿಯಾ'. ಮುಂಬೈನ ಜನಸಂಖ್ಯಾ ವಿಜ್ಞಾನ ಸಂಸ್ಥೆ, ಹಾರ್ವರ್ಡ್ ಮತ್ತು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳು ಸೇರಿ ನಡೆಸುವ ಅಧ್ಯಯನ. 2010ರಲ್ಲಿ ಪ್ರಯೋಗಕ್ಕೆ ಅಂತ ಆರಿಸಿಕೊಂಡ ನಾಲ್ಕು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2017-18ರ ಮೊದಲ ಸುತ್ತಿನಲ್ಲಿ 45 ದಾಟಿದವರು, ಜೊತೆಗೆ ಅವರ ಗಂಡ ಅಥವಾ ಹೆಂಡತಿ, ಹೀಗೆ 72 ಸಾವಿರಕ್ಕೂ ಜಾಸ್ತಿ ಜನ ಸಿಕ್ಕರು. ವರದಿ 2021ರ ಜನವರಿಯಲ್ಲಿ ಬಂತು. ಆಗ ನಾನು ಓದಿದ ಸುದ್ದಿಗಳಲ್ಲಿ 'ವಯಸ್ಸಾದಂತೆ ಇದು ಹೆಚ್ಚುತ್ತದೆ, ಅದು ಕುಗ್ಗುತ್ತದೆ' ಅನ್ನುವುದೇ ಜಾಸ್ತಿ. ಸ್ವಾಮಿ, ಅದು ಮೊದಲ ಸುತ್ತು. ಒಂದು ಸುತ್ತು ಅಂದರೆ ಒಂದು ಫೋಟೊ. 'ಹಿರಿಯರಲ್ಲಿ ಜಾಸ್ತಿ ಇದೆ' ಅನ್ನಬಹುದು. 'ಜಾಸ್ತಿ ಆಗುತ್ತದೆ' ಅನ್ನೋಕೆ ಅದೇ ಬಾಗಿಲನ್ನು ಎರಡನೇ ಸಲ ತಟ್ಟಬೇಕು. 'ಇದೆ'ಗೂ 'ಆಗುತ್ತದೆ'ಗೂ ಇರುವ ದೂರ ಕನ್ನಡ ಬಲ್ಲವರಿಗೆ ಬಿಡಿಸಿ ಹೇಳಬೇಕಾ?

ನಮ್ಮಲ್ಲಿ ಓರಗೆಗಳ ನಡುವಿನ ಓದಿನ ಅಂತರ ಇನ್ನೂ ದೊಡ್ಡದು. ನೆನಪು, ಗಮನ ಅಳೆಯುವ ಇಂಗ್ಲಿಷಿನ ಒಂದು ಹಳೆಯ ಪರೀಕ್ಷೆಯಲ್ಲಿ 'ವರ್ಲ್ಡ್' ಪದದ ಅಕ್ಷರಗಳನ್ನು ಹಿಂದಿನಿಂದ ಹೇಳಿಸುತ್ತಾರೆ. ಶಾಲೆಯ ಮೆಟ್ಟಿಲನ್ನೇ ಹತ್ತದ ಅಜ್ಜಿಗೆ ಅದನ್ನು ಕೇಳಿ ಏನು ತಿಳಿಯುತ್ತದೆ? ಅದಕ್ಕೆ ಅದರ ಹಿಂದಿ ರೂಪದಲ್ಲಿ ವಾರದ ದಿನಗಳನ್ನು ಹಿಂದಿನಿಂದ ಹೇಳಿಸುತ್ತಾರೆ. ಸುಮ್ನೆ ನೀವೂ ಹೇಳಿ ನೋಡಿ: ಶನಿವಾರ, ಶುಕ್ರವಾರ, ಗುರುವಾರ... ನನಗಂತೂ ಬುಧವಾರದ ಹತ್ತಿರ ನಾಲಿಗೆ ತಡವರಿಸಿತು.

ಹತ್ತಿರದಲ್ಲೇ ಒಂದು ಒಳ್ಳೆಯ ಕೊಹಾರ್ಟ್ ಇದೆ. ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ನಡೆಸುತ್ತಿರುವ ಅಧ್ಯಯನ. 45 ದಾಟಿದ 10,000 ಹಳ್ಳಿಗರನ್ನು ಸೇರಿಸಿಕೊಂಡು ಅವರನ್ನೇ ವರ್ಷಗಟ್ಟಲೆ ನೋಡುವ ಗುರಿ. ಬೆಂಗಳೂರಿನ 1,000 ಜನರ ಇನ್ನೊಂದು ಅಧ್ಯಯನ ಅದಕ್ಕೆ ಜೋಡಿ.

ಕೊಹಾರ್ಟಿನ ಕಷ್ಟ ಇರುವುದು ಈ 'ವರ್ಷಗಟ್ಟಲೆ'ಯಲ್ಲಿ. ನಮ್ಮ ಎಸ್ಸೆಸ್ಸೆಲ್ಸಿ ಬ್ಯಾಚಿನವರು ಈಚೆಗೆ ಒಂದು ಭಾನುವಾರ ಸೇರಿದ್ದೆವು. ಹೋಳಿಗೆ ಊಟ ಆದ ಮೇಲೆ ಗೆಳೆಯನೊಬ್ಬ, 'ನೋಡ್ರೋ, ನಮ್ಮ ಬ್ಯಾಚಲ್ಲಿ ಎಲ್ರೂ ಗುಂಡುಕಲ್ಲಿನ ಹಾಗಿದ್ದೀವಿ' ಅಂದ. ಮನೆಗೆ ಬಂದು ಹಳೆಯ ಗ್ರೂಪ್ ಫೋಟೊ ತೆಗೆದು ಎಣಿಸಿದೆ. ಅದರಲ್ಲಿ 46 ಜನ. ಊಟಕ್ಕೆ ಬಂದವರು 19. ಉಳಿದವರಲ್ಲಿ ಐವರು ತೀರಿಕೊಂಡಿದ್ದಾರೆ, ಒಬ್ಬ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುತ್ತಾನೆ, ಹನ್ನೊಂದು ಜನರ ಫೋನ್ ನಂಬರು ಯಾರ ಹತ್ತಿರವೂ ಇಲ್ಲ. ಗುಂಡುಕಲ್ಲಿನ ಹಾಗಿದ್ದವರು ಬಂದವರು ಮಾತ್ರ.

ಕೊಹಾರ್ಟ್ ನಡೆಸುವವರು ಈ 46ರ ಪಟ್ಟಿಯನ್ನು ಕೈಬಿಡುವುದಿಲ್ಲ. ಮನೆ ಬದಲಿಸಿದವರನ್ನು ಹುಡುಕಿಕೊಂಡು ಹೋಗುತ್ತಾರೆ. ಮಿಷಿಗನ್‌ನವರ ಅಧ್ಯಯನದಲ್ಲಂತೂ ಯಾರಾದರೂ ತೀರಿಕೊಂಡರೆ ಅವರ ಮನೆಯವರನ್ನು ಮಾತಾಡಿಸಿ, ಕೊನೆಯ ದಿನಗಳು ಹೇಗಿದ್ದವು ಅಂತ ಕೇಳಿ ಬರೆದುಕೊಳ್ಳುತ್ತಾರೆ.